ಶಹಾಬಾದದ ಕಲ್ಲಿನೊಳಗೊಂದು ರೇಡಿಯೋ

ಸಿಡಿಲು ಬಡಿಯಬಹುದಿತ್ತು. ಮಾಳಿಗೆಯ ಬಿದಿರಿನ ಗಳದಿಂದ ಅಂಗಳದ ಬೇವಿನ ಮರಕ್ಕೆ ಎಳೆದಿದ್ದ ತಾಮ್ರದ ತಂತಿ ಗಾಳಿಗೆ ಹರಿದು ಬೀದಿಯ ಕರೆಂಟಿನ ಲೈನಿನ ಮೇಲೆ ಬೀಳಬಹುದಿತ್ತು. ಬೀಳದಿದ್ದರೆ ಮಂಗಗಳು ಅದನ್ನು ಜೋಕಾಲಿ ಮಾಡಿಕೊಂಡು ಗಳದ ಸಮೇತ ಪಕ್ಕದ ಮನೆಯವರ ಹಪ್ಪಳದ ಮೇಲೆ ಇಳಿಯಬಹುದಿತ್ತು. ಕಾದ ಸಾಲ್ಡರಿಂಗ್ ಕಡ್ಡಿಯನ್ನು ಯಾರಾದರೂ, ಯಾರಾದರೂ ಅಂದರೆ ನಾನು, ಪೆನ್ನು ಅಂದುಕೊಂಡು ಹಿಡಿಯಬಹುದಿತ್ತು. ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಇಡೀ ಯಂತ್ರ ಒಮ್ಮೆ ಹೊಗೆ ಬಿಟ್ಟು ಸುಮ್ಮನಾಗಬಹುದಿತ್ತು. ಲೈಸನ್ಸು ಕಪಾಟಿನಲ್ಲಿದ್ದರೂ ಪೊಲೀಸರು ಬಂದು ಇದೇನು ತಂತಿ, ಯಾರ ಜೊತೆ ಮಾತು ಎಂದು ಕೇಳಬಹುದಿತ್ತು; ನಾನು ನಿಜವನ್ನೇ ಹೇಳುತ್ತಾ ಸುಳ್ಳು ಹೇಳುವವನ ಹಾಗೆ ಬೆವರಬಹುದಿತ್ತು. ಸಾಲ್ಡರಿನ ಹೊಗೆ ಕುಡಿದು ಇಬ್ಬರಿಗೂ ಕೆಮ್ಮು ಹತ್ತಬಹುದಿತ್ತು. ತಂತಿ ಕಟ್ಟಲು ಹತ್ತಿದ ನಾನು ಮಾಳಿಗೆಯಿಂದ ಬೀಳಬಹುದಿತ್ತು. ಇವುಗಳಲ್ಲಿ ಕೊನೆಯದಕ್ಕೆ ಮಾತ್ರ ಸಾಧ್ಯತೆ ಇದೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯವಾಗಿತ್ತು.

ಇವು ಯಾವುವೂ ಆಗಲಿಲ್ಲ. ಆಗದ ಸಂಗತಿಗಳ ಬಗ್ಗೆ ನಾನು ಪಟ್ಟಷ್ಟು ಕಷ್ಟವನ್ನು ಆದ ಸಂಗತಿಗಳಿಗೆ ಪಟ್ಟಿದ್ದರೆ ಇಷ್ಟೊತ್ತಿಗೆ ದೊಡ್ಡ ಮನುಷ್ಯನಾಗಿರುತ್ತಿದ್ದೆ.

ಇದೆಲ್ಲ ನೆನಪಾದದ್ದು ಹೋದ ವಾರ, ಸೇಡಂ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಅಂಗಡಿಯವನು ನನ್ನ ಫೋನಿನ ಹೊಟ್ಟೆ ಬಿಚ್ಚಿ ಕಡ್ಡಿ ಕಾಯಿಸಿ ಮುಟ್ಟಿಸಿದ. ಒಂದೆಳೆ ಬಿಳಿ ಹೊಗೆ ಎದ್ದಿತು. ದೇವರ ಮುಂದಿನ ಧೂಪಕ್ಕೂ ಸುಟ್ಟ ಪ್ಲಾಸ್ಟಿಕ್ಕಿಗೂ ಹುಟ್ಟಿದ ಕೂಸಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೇಡಂ ಬಿಟ್ಟು ಶಹಾಬಾದದ ನಮ್ಮ ಹಳೆಯ ಬಾಡಿಗೆ ಮನೆಯ ನಡುಮನೆಯಲ್ಲಿದ್ದೆ. ಹೊರಗೆ ಮಳೆ. ಪಕ್ಕದ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರದ ಕಿರ್ರ್ ಸದ್ದು. ಒಳಗೆ ಟೇಬಲ್ಲಿನ ಮೇಲೆ ಬಗ್ಗಿ ಕೂತ ಸುಜಾತಾ.

ಆಗ ನಾನು ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಶಹಾಬಾದದಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಇನ್ನೊಂದು ಹಿಡಿಯಬೇಕು. ಮೊದಲನೆಯದು ತಡವಾದರೆ ಎರಡನೆಯದು ತಪ್ಪೀತು ಎಂಬ ಚಿಂತೆ. ಮೊದಲನೆಯದು ಸಮಯಕ್ಕೆ ಬಂದರೆ ಏನೋ ಎಡವಟ್ಟಾಗಿದೆ ಎಂಬ ಚಿಂತೆ. ಸುಜಾತಾ ಊರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಕಾಳಗಿ ಕಡೆಯ ಹೊಲದ ಮನೆಯಲ್ಲಿ ಬೆಳೆದವಳು. ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬಂದ ದನಿ. ಮನೆಗೆ ಅಂಟಿಕೊಂಡೇ ಖಾಜಾಸಾಬರ ಕಲ್ಲು ಪಾಲಿಶ್ ಯಾರ್ಡು. ಅವಳು ಅಡುಗೆಮನೆಯಿಂದ ನನ್ನನ್ನು ಕರೆದರೆ ಅವರು ಯಂತ್ರದ ಗದ್ದಲದ ನಡುವಿನಿಂದಲೇ "ಸಾಬ್, ಅಕ್ಕಾ ಕರೀಲಿಕತ್ತಾರ" ಎಂದು ನನಗೆ ದಾಟಿಸುತ್ತಿದ್ದರು.

ಆ ಮಳೆಗಾಲದ ಹಿಂದಿನ ಚಳಿಗಾಲದಲ್ಲಿ ಅವಳಿಗೆ ಥೈರಾಯ್ಡಿನ ಆಪರೇಶನ್ ಆಯಿತು. ಗಂಟು ಹೋಯಿತು, ಗಂಟಿನ ಜೊತೆ ದನಿಯೂ. ಆ ಗ್ರಂಥಿಯ ಪಕ್ಕದಲ್ಲೇ ದನಿಯ ನರ ಇರುತ್ತದಂತೆ. ಕೆಲವರಿಗೆ ಅದು ದಣಿದು ಮಲಗುತ್ತದಂತೆ. ಏಳಲೂಬಹುದು, ಏಳದೆಯೂ ಇರಬಹುದು. ಇದನ್ನು ಡಾಕ್ಟರು ಮೊದಲೇ ಹೇಳಿದ್ದರು. ಯಾರ ತಪ್ಪೂ ಇರಲಿಲ್ಲ. ಬೈಯುವುದಕ್ಕೂ ಯಾರೂ ಸಿಗದಿದ್ದರೆ ಮನುಷ್ಯನಿಗೆ ಎಷ್ಟು ಕಷ್ಟ ನೋಡಿ.

ಉಳಿದದ್ದು ಗಾಳಿಯಂಥ ಒಂದು ಪಿಸುಮಾತು. ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಕೇಳುತ್ತಿತ್ತು, ಹಿಂದಿನವರು ತುಟಿ ನೋಡುತ್ತ ಕೂತರು. ಹೆಡ್‌ಮಾಸ್ತರರು ಒಳ್ಳೆಯವರೇ. "ಟೀಚರ್, ಥೋಡೆ ದಿವಸ ಆಫೀಸ್ ಕೆಲಸ ನೋಡ್ಕೋರಿ, ಗಂಟಲಕ್ಕ ಆರಾಮ ಆಗ್ಲಿ" ಎಂದರು. ಅವಳು ತಲೆ ಆಡಿಸಿ ಬಂದಳು. ಅವಳನ್ನು ನಿಜವಾಗಿ ಕುಗ್ಗಿಸಿದ್ದು ಬೇರೆಯದೇ. ಒಂದು ಭಾನುವಾರ ಚಿಂಚೋಳಿಯಿಂದ ಅವಳ ಅಕ್ಕ ಫೋನ್ ಮಾಡಿದ್ದರು. ಸುಜಾತಾ ಎತ್ತಿಕೊಂಡು ಮಾತಾಡಿದಳು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಹಲೋ. ಹಲೋ. ಯಾರ್ರಿ ಮಾತಾಡದು? ಏನೂ ಕೇಳಸವಲ್ದು ನೋಡ್ರಿ."

ಕಟ್ಟಾಯಿತು. ಅಕ್ಕನಿಗೆ ತಂಗಿಯ ದನಿ ಗುರುತು ಹತ್ತಲಿಲ್ಲ. ನೆಟ್‌ವರ್ಕಿನ ತೊಂದರೆ ಎಂದು ನಾನು ಏನೇನೋ ಹೇಳಿದೆ. ಅವಳು ಫೋನನ್ನು ಗೂಡಿನಲ್ಲಿಟ್ಟಳು. ಅಂದಿನಿಂದ ಅದು ರಿಂಗಾದರೂ ಮುಟ್ಟಲಿಲ್ಲ. ಮನೆಗೆ ಬಂದವರಿಗೆ ನಗುವುದು, ತಲೆ ಆಡಿಸುವುದು, ಚಹಾ ಕೊಟ್ಟು ಒಳಗೆ ಹೋಗುವುದು, ಅಷ್ಟೇ. ನನ್ನ ಜೊತೆಯೂ ಕೈಸನ್ನೆ ಹೆಚ್ಚಾಯಿತು.

ಆಪರೇಶನ್ನಿಗೆ ಮುಂಚೆ ಅವಳಿಗೊಂದು ಹುಚ್ಚು ಹತ್ತಿತ್ತು. ಕಲಬುರಗಿಯಲ್ಲಿ ನಡೆದ ಶಿಕ್ಷಕರ ತರಬೇತಿಯೊಂದರಲ್ಲಿ ಯಾರೋ ಹವ್ಯಾಸಿ ರೇಡಿಯೋ ತೋರಿಸಿದ್ದರು. ಒಂದು ಪುಟ್ಟ ಪೆಟ್ಟಿಗೆ, ಮೇಲೊಂದು ತಂತಿ, ಅಷ್ಟರಿಂದ ದೂರದ ಊರುಗಳ ಜೊತೆ ಮಾತುಕತೆ. ಬಾಯಲ್ಲಿ ಮಾತಾಡಬಹುದು, ಇಲ್ಲವೇ ಮೋರ್ಸ್ ಕೋಡಿನಲ್ಲಿ ಟಿಕ್ ಟಿಕ್ ಎಂದು ಕುಟ್ಟಬಹುದು. ಇವಳು ಮನೆಗೆ ಬಂದವಳೇ ಚಮಚದಿಂದ ತಾಟು ಕುಟ್ಟತೊಡಗಿದಳು. ರೊಟ್ಟಿ ಬಡಿಯುವಾಗಲೂ ಕೈ ಏನೋ ಬರೆಯುತ್ತಿತ್ತು. ಪರೀಕ್ಷೆ ಪಾಸು ಮಾಡಿದಳು. ಲೈಸನ್ಸು ಅಂಚೆಯಲ್ಲಿ ಬರುವ ಹೊತ್ತಿಗೆ ಗಂಟಲಿಗೆ ಬ್ಯಾಂಡೇಜು ಬಿದ್ದಿತ್ತು, ಕಾಗದ ಕಪಾಟು ಸೇರಿತು.

ಮುಂಗಾರಿನ ಮಿರುಗು ಮಳೆ ಶುರುವಾದ ದಿನಗಳಲ್ಲಿ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಹಸಿರು ಬಣ್ಣದ ಒಂದು ಹಲಗೆ, ಪ್ಲಾಸ್ಟಿಕ್ ಚೀಲಗಳಲ್ಲಿ ಜೋಳದ ಕಾಳು, ಇರುವೆಯ ಮೊಟ್ಟೆ, ಸತ್ತ ಜೇಡ ಇವೆಲ್ಲವನ್ನೂ ಹೋಲುವ ವಸ್ತುಗಳು. ಕೇಳುವುದೂ ಕಳಿಸುವುದೂ ಒಂದರಲ್ಲೇ ಆಗುವ ರೇಡಿಯೋದ ಬಿಡಿಭಾಗಗಳು. ನಾವೇ ಜೋಡಿಸಿಕೊಳ್ಳಬೇಕು.

"ಇದನ್ನ ಜೋಡಿಸಿದ್ದೇ ಸಿಗ್ತದಲ್ಲ" ಎಂದೆ. "ಎಲ್ಲಾದ್ರೂ ತಪ್ಪಿದ್ರ?"

ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ತಪ್ಪಿದ್ರ ಬಿಚ್ಚಿ ಮತ್ತ ಹಚ್ಚಲಿಕ್ಕ ಬರ್ತದ. ಎಲ್ಲದಕ್ಕೂ ಹಂಗ ಮಾಡಲಿಕ್ಕ ಬರಂಗಿಲ್ಲ."

ನಾನು ಚೀಲಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ.

ನನಗೆ ಸಿಕ್ಕ ಕೆಲಸ ಬಿಡಿಭಾಗಗಳನ್ನು ವಿಂಗಡಿಸುವುದು. ಅಡುಗೆಮನೆಯ ಮಸಾಲೆ ಡಬ್ಬಿ ಖಾಲಿಯಾಯಿತು. ಸಾಸಿವೆಯ ಬಟ್ಟಲಲ್ಲಿ ಒಂದು ಬಗೆ, ಜೀರಿಗೆಯ ಬಟ್ಟಲಲ್ಲಿ ಇನ್ನೊಂದು. ರೆಸಿಸ್ಟರ್ ಎಂಬ ಆ ಕಾಳಿನ ಮೈಮೇಲೆ ಕೂದಲೆಳೆಯಂಥ ಬಣ್ಣದ ಪಟ್ಟಿಗಳಿರುತ್ತವೆ, ಆ ಬಣ್ಣ ಓದಿ ಅದರ ಅಳತೆ ತಿಳಿಯಬೇಕು. ನನ್ನ ವಯಸ್ಸಿನ ಕಣ್ಣಿಗೆ ಕೆಂಪು, ಕಿತ್ತಳೆ, ಕಂದು ಮೂರೂ ಅಣ್ಣತಮ್ಮಂದಿರು. ಒಂದೊಂದನ್ನೂ ಕಿಟಕಿಗೆ ಒಯ್ದು, ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ, ಮತ್ತೆ ಹಾಕಿ, "ಕೆಂಪೇ ಇರಬೇಕು" ಎನ್ನುತ್ತಿದ್ದೆ. ಅವಳು ಬೆರಳು ಮಡಚಿ ಕೇಳುತ್ತಿದ್ದಳು: ಕೆಂಪೋ, ಇರಬೇಕೋ? ಒಂದು ಸಲ ಒಗ್ಗರಣೆಯಲ್ಲಿ ಸಿಡಿಯದೆ ಉಳಿದ ಸಾಸಿವೆ ಕಾಳೊಂದನ್ನು ಕಂಡು, ಬಿಡಿಭಾಗವೇ ಇರಬೇಕೆಂದು ಹೆದರಿ, ನಾನು ಊಟ ಬಿಟ್ಟು ಎದ್ದದ್ದುಂಟು.

ಅವಳಾದರೋ ಬೇರೆಯೇ ಆಗಿಬಿಟ್ಟಿದ್ದಳು. ಶಾಲೆಯಿಂದ ಬಂದು ಕೈಕಾಲು ತೊಳೆದು ಟೇಬಲ್ಲಿಗೆ ಕೂತರೆ ಮುಗಿಯಿತು. ಕಡ್ಡಿ ಇಟ್ಟ ಕಡೆ ಬೆಳ್ಳಿಯ ಹನಿಯಂತೆ ಸಾಲ್ಡರ್ ಹರಿದು ಮಿಂಚಿ ನಿಲ್ಲುತ್ತಿತ್ತು. ಉಂಗುರದಂಥ ಕಪ್ಪು ಬಳೆಗಳಿಗೆ ತೆಳ್ಳನೆಯ ತಾಮ್ರದ ತಂತಿ ಸುತ್ತುತ್ತಿದ್ದಳು, ಸುತ್ತಿನ ಮೇಲೆ ಸುತ್ತು ಏರದಂತೆ, ಹೆರಳು ಹೆಣೆದಷ್ಟು ಅಚ್ಚುಕಟ್ಟಾಗಿ. ನಾನು ಹೆಗಲ ಮೇಲಿಂದ ಇಣುಕಿದರೆ ಮೊಣಕೈ ಬರುತ್ತಿತ್ತು.

"ದೂರ ನಿಂದ್ರಿ. ನಿಮ್ಮ ಉಸಿರಿಗೇ ಸಾಲ್ಡರ್ ಆರಲಿಕತ್ತದ."

ಕೇಳುವ ಅರ್ಧ ಭಾಗ ಮೊದಲು ಮುಗಿಯಿತು. ಬ್ಯಾಟರಿ ಹಚ್ಚಿದಳು, ಹೊಗೆ ಬರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮುಖ ಸಿಂಡರಿಸಿ ನನಗೆ ಕೊಟ್ಟಳು. ಕೇಳಿದರೆ ಖಾಜಾಸಾಬರ ಯಾರ್ಡು. ಅದೇ ಕಿರ್ರ್, ಈಗ ಕಿವಿಯ ಒಳಗೇ. ಓಣಿಯುದ್ದಕ್ಕೂ ಕಲ್ಲು ಕೊಯ್ಯುವ ಮೋಟರುಗಳು, ಅವುಗಳ ಕಿಡಿ ಗಾಳಿಯಲ್ಲೆಲ್ಲ ಹರಡಿ ರೇಡಿಯೋದೊಳಗೆ ಬಂದು ಕೂತಿತ್ತು. ಹಾಗಾಗಿ ಆ ಮಳೆಗಾಲ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಖುಷಿಪಡುವ ಮನೆ ನಮ್ಮದೊಂದೇ ಆಯಿತು. ಎಲ್ಲರೂ ಬೈಯುತ್ತ ಬೀದಿಗೆ ಬಂದರೆ ಸುಜಾತಾ ಟೇಬಲ್ಲಿಗೆ ಓಡುತ್ತಿದ್ದಳು. ಮೊದಲ ಸಲ ಹಾಗೆ ಓಡಿ ಗುಂಡಿ ತಿರುಗಿಸಿದಾಗ, ಮಳೆಯ ಸಣ್ಣ ಚಟಪಟದ ಹಿಂದಿನಿಂದ, ನೀರೊಳಗೆ ಯಾರೋ ಸೀಟಿ ಊದಿದಂತೆ ಮೋರ್ಸ್ ಕೇಳಿಸಿತು. ಅವಳ ಪೆನ್ನು ಅಕ್ಷರ ಬರೆಯತೊಡಗಿತು. "ಕೊಚ್ಚಿ ಕಡೆಯವರು" ಎಂದಳು. ಮಾರನೇ ದಿನ ನಾನು ಕಚೇರಿಯಲ್ಲಿ ಕಂಡಕಂಡವರಿಗೆಲ್ಲ, ನಮ್ಮ ಮನೆಯಲ್ಲಿ ಕೊಚ್ಚಿ ಕೇಳಿಸುತ್ತದೆ ಎಂದು ಹೇಳಿದೆ. ನಮ್ಮನೆಯ ಟಿವಿಯಲ್ಲೂ ಕೇಳುತ್ತದೆ ಎಂದರು. ತಿಳಿಯದವರು.

ಕಳಿಸುವ ಭಾಗ ಮುಗಿಯುವಷ್ಟರಲ್ಲಿ ಶ್ರಾವಣ ಬಂತು. ಯಂತ್ರ ಕಳಿಸುತ್ತಿದೆಯೋ ಇಲ್ಲವೋ ನೋಡಲು ಆಂಟೆನಾ ತಂತಿಯ ಜಾಗದಲ್ಲಿ ಒಂದು ಬಲ್ಬು ಹಚ್ಚುತ್ತಾರೆ. ಮೋರ್ಸ್ ಕುಟ್ಟುವ ಕೀಲಿ ಒತ್ತಿದರೆ ಬಲ್ಬು ಬೆಳಗಬೇಕು. ಅದಕ್ಕೆಂದು ನನ್ನ ಸ್ಕೂಟರಿನ ಇಂಡಿಕೇಟರ್ ಬಲ್ಬು ಬಿಚ್ಚಿಕೊಂಡಿದ್ದಳು. ಆ ತಿಂಗಳೆಲ್ಲ ನಾನು ಎಡಕ್ಕೆ ತಿರುಗುವ ಮುಂಚೆ ಕೈಯನ್ನೂ ಚಾಚಿ ಬಾಯಲ್ಲೂ ಹೇಳಿ ತಿರುಗುತ್ತಿದ್ದೆ. ಕೀಲಿ ಅಂದರೆ ಅವಳೇ ಗರಗಸದ ಮುರಿದ ಪಟ್ಟಿಯಿಂದ ಮಾಡಿಕೊಂಡದ್ದು. ಒತ್ತಿದಳು. ಬಲ್ಬು ಬೆಳಗಲಿಲ್ಲ.

ಬಲ್ಬೇ ಕೆಟ್ಟಿರಬಹುದು ಎಂದು ನಾನು ಬಲಗಡೆಯ ಇಂಡಿಕೇಟರನ್ನೂ ಬಿಚ್ಚಿ ತಂದೆ. ಅದೂ ಬೆಳಗಲಿಲ್ಲ. ಸುಜಾತಾ ಹೆಡ್‌ಫೋನ್ ತೆಗೆದು ಟೇಬಲ್ಲಿನ ಮೇಲಿಟ್ಟಳು. ಗುಂಡಿಯ ಪಕ್ಕದ ಪುಟ್ಟ ದೀಪ ಉರಿಯುತ್ತಲೇ ಇತ್ತು, ಹೆಡ್‌ಫೋನಿನಿಂದ ಯಾರ್ಡಿನ ಕಿರ್ರ್ ಬರುತ್ತಲೇ ಇತ್ತು.

"ನನ್ನಂಗೇ ಆಯ್ತು ನೋಡ್ರಿ ಇದೂ" ಎಂದಳು. "ಎಲ್ಲಾ ಕೇಳಸ್ತದ. ಮಾತಾಡಂಗಿಲ್ಲ."

ಸಿಡಿಲು, ಮಂಗ, ಪೊಲೀಸು ಎಂದು ಇಷ್ಟು ದಿನ ನಾನು ಒದರಿದ್ದೆಲ್ಲ ಏತಕ್ಕೆ ಎಂದು ಆಗ ತಿಳಿಯಿತು. ನನಗಿದ್ದ ಚಿಂತೆ ಒಂದೇ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಈ ಯಂತ್ರವೂ ಕೈಕೊಟ್ಟರೆ, ಅಥವಾ ಅದು ಕೂಗಿದರೂ ಆ ಕಡೆಯಿಂದ ಯಾರೂ ಓಗೊಡದೆ ಹೋದರೆ, ಇವಳು ಈ ಸನ್ನೆಗಳನ್ನೂ ನಿಲ್ಲಿಸಿಬಿಡುತ್ತಾಳೆ. ಎದುರು ಕೂತು ಉಣ್ಣುತ್ತಾಳೆ, ನಗುತ್ತಾಳೆ, ಆದರೆ ಇರುವುದಿಲ್ಲ.

ಅವಳು ಮಾತ್ರ ನನಗಿಂತ ಗಟ್ಟಿ. ಮಾರನೇ ದಿನ ಶಾಲೆಯಿಂದ ಬಂದು ಒಂದೊಂದೇ ಬೆಸುಗೆ ಬಿಚ್ಚತೊಡಗಿದಳು. ಕಾಗಿಣಾ ನದಿ ತುಂಬಿ ಹರಿಯುತ್ತಿದ್ದ ವಾರವದು. ವಾಡಿಯಲ್ಲಿ ನನ್ನ ರೈಲು ದಿನಾ ತಪ್ಪುತ್ತಿತ್ತು. ಒಂದು ಸಂಜೆ ನೆನೆದು ಮನೆಗೆ ಬಂದರೆ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲೊಂದು ತಾಮ್ರದ ಸುರುಳಿ. ಆ ತಂತಿಗೆ ಕಣ್ಣಿಗೆ ಕಾಣದಂಥ ವಾರ್ನಿಶ್ ಬಳಿದಿರುತ್ತದೆ, ಅದನ್ನು ಕೆರೆದು ಬೆಸೆಯಬೇಕು. ಈ ಒಂದು ತುದಿಯಲ್ಲಿ ಉಗುರಿನ ಅಂಚಿನಷ್ಟು ಉಳಿದುಬಿಟ್ಟಿತ್ತು. ನನ್ನನ್ನು ಒದ್ದೆ ಬಟ್ಟೆಯಲ್ಲೇ ಎಳೆದುಕೊಂಡು ಹೋಗಿ ಕೂರಿಸಿ ಕೀಲಿ ಒತ್ತಿದಳು. ಸ್ಕೂಟರಿನ ಎಡಗಡೆಯ ಇಂಡಿಕೇಟರ್ ನಮ್ಮ ನಡುಮನೆಯಲ್ಲಿ ಬೆಳಗಿತು. ಇಡೀ ಮನೆಗೆ ಸಾಲುವಷ್ಟು ಬೆಳಕು ಎಂದು ನನಗನ್ನಿಸಿತು. ನಿಜಕ್ಕೂ ಅದು ಮಸಾಲೆ ಡಬ್ಬಿಯನ್ನೂ ದಾಟಿರಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ತಕರಾರು. ಮಳೆ ಹಿಂದೆಗೆದು ಬಿಸಿಲು ಏರಿತು. ಕಿಟಕಿಯ ಗಾಳಿ ಒಮ್ಮೆ ಬಿಸಿ, ಒಮ್ಮೆ ತಂಪು. ಅದಕ್ಕೆ ತಕ್ಕಂತೆ ರೇಡಿಯೋದ ಸ್ವರ ಜಾರುತ್ತಿತ್ತು. ಒಂದು ಕಡೆ ಹಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ. ಒಂದು ಡಬ್ಬಿ ಬೇಕಾಗಿತ್ತು, ಕಿಟ್ಟಿನ ಜೊತೆ ಬಂದಿರಲಿಲ್ಲ. ತಗಡಿನ ಡಬ್ಬಿ ಎಲ್ಲಿ ಮಾಡಿಸುವುದೆಂದು ನಾನು ಖಾಜಾಸಾಬರನ್ನು ಕೇಳಿದೆ. ಅವರಿಗೆ ಸಿಟ್ಟೇ ಬಂತು.

"ಶಹಾಬಾದದಾಗ ಇದ್ದು ತಗಡ ಹುಡುಕ್ತೀರೇನ್ರಿ ಸಾಬ್? ನೀವು ಮಲಗೋ ನೆಲ ಯಾವುದು, ತಲಿ ಮ್ಯಾಲಿನ ಛತ್ ಯಾವುದು, ಅಕ್ಕಾ ಡಬ್ಬಿ ಇಡೋ ಗೂಡು ಯಾವುದು? ಒಂದು ರೇಡಿಯೋಕ್ಕ ನಮ್ಮ ಫರಸಿ ಕಲ್ಲು ಸಾಲಂಗಿಲ್ಲೇನು?"

ನಾನು ನಗುತ್ತ ಬಂದೆ. ಅವರು ನಕ್ಕಿರಲಿಲ್ಲ. ಕೆಲವೇ ದಿನಗಳಲ್ಲಿ ಇಬ್ಬರು ಆಳುಗಳು ಒಂದು ವಸ್ತುವನ್ನು ಗೋಣಿಯಲ್ಲಿ ಹೊತ್ತು ತಂದರು. ಅಚ್ಚುಕಟ್ಟಾಗಿ ಕೊಯ್ದು ಕನ್ನಡಿಯಂತೆ ಹೊಳಪು ಕೊಟ್ಟ ನೀಲಿಗಪ್ಪು ಕಲ್ಲಿನ ಪೆಟ್ಟಿಗೆ. ಗುಂಡಿಗೆ ತೂತು, ತಂತಿಗೆ ತೂತು, ಮೇಲೆ ಜಾರುವ ಮುಚ್ಚಳ. ಕಿಟ್ಟಿನ ಜೊತೆಗೆ ಬಂದ ಕೈಪಿಡಿಯಲ್ಲಿ, ಈ ರೇಡಿಯೋವನ್ನು ಜೇಬಿನಲ್ಲಿಟ್ಟುಕೊಂಡು ಬೆಟ್ಟ ಹತ್ತಬಹುದು ಎಂದು ಬರೆದಿತ್ತು. ಈಗ ಬೆಟ್ಟವನ್ನೇ ಮನೆಗೆ ತಂದಂತಾಗಿತ್ತು. ಕಲ್ಲಿನ ಡಬ್ಬಿಯಲ್ಲಿ ರೇಡಿಯೋ ಇಡುವವರು ಲೋಕದಲ್ಲಿ ಇನ್ನೆಲ್ಲೂ ಇರಲಾರರು. ಲೋಹವಾದರೆ ಹೊರಗಿನ ಗದ್ದಲ ತಡೆಯುತ್ತದೆ, ಕಲ್ಲಿಗೆ ಆ ಗುಣವಿಲ್ಲ. ಸುಜಾತಾ ಅದರ ಒಳಗಿನ ಅಳತೆ ತೆಗೆದುಕೊಂಡಳು. ಆಮೇಲೆ ಬಿಸ್ಕಿಟ್ ಡಬ್ಬಿಯ ತಗಡು ಕತ್ತರಿಸಿ ಒಳಗೆಲ್ಲ ಹೊದಿಸಿ, ಹಲಗೆಯನ್ನು ಕೂರಿಸಿ, ಮುಚ್ಚಳ ಎಳೆದಳು. ಬ್ಯಾಟರಿ ಹಚ್ಚಿ ಕಾದೆವು. ಸ್ವರ ಜಾರಲಿಲ್ಲ. ಬಿಸಿಲು ಏರಿತು, ಗಾಳಿ ಬೀಸಿತು, ಅದು ಅಲ್ಲೇ ನಿಂತಿತ್ತು. ಅಷ್ಟು ದಪ್ಪನೆಯ ಕಲ್ಲು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ.

ಖಾಜಾಸಾಬರಿಗೆ ಇದು ಅಚ್ಚರಿಯೇ ಅಲ್ಲ. "ಕಲ್ಲು ಅದರೀ ಅದು. ಜಾಗಾ ಬಿಟ್ಟು ಎಲ್ಲಿ ಹೋಗ್ತದ?" ಎಂದರು. ಚಂದ ಕಾಣಲಿ ಎಂದಷ್ಟೇ ಮಾಡಿದ್ದರೆಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಮೇಲೆ ಯಾರ್ಡಿಗೆ ಬಂದ ಗಿರಾಕಿಗಳಿಗೆಲ್ಲ "ನಮ್ಮದು ರೇಡಿಯೋದ ಕೆಲಸಾನೂ ಅದ" ಎನ್ನುತ್ತಿದ್ದರು.

ಇನ್ನು ಉಳಿದದ್ದು ಕರೆಯುವುದು. ಕರೆಂಟು ಹೋಗುವುದನ್ನು ನಂಬಿ ಕೂರುವಂತಿರಲಿಲ್ಲ, ಅದು ಬೇಕೆಂದಾಗ ಹೋಗುವುದಿಲ್ಲ. ದಾರಿ ತೋರಿಸಿದ್ದೂ ಖಾಜಾಸಾಬರೇ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಓಣಿಯ ಯಾರ್ಡುಗಳೆಲ್ಲ ನಿಲ್ಲುತ್ತವೆ. ದಸರಾ ರಜೆಯ ಶುಕ್ರವಾರ ಎಂದು ಗೊತ್ತುಮಾಡಿದೆವು. ನಾನು ರಜೆ ಹಾಕಿದೆ. ಬೆಳಿಗ್ಗೆಯಿಂದ ಆಂಟೆನಾದ ಗಂಟುಗಳನ್ನು ನೋಡಿ ಬಂದೆ, ಮತ್ತೆ ನೋಡಿ ಬಂದೆ. ಮೂರನೇ ಸಲ ನಿಚ್ಚಣಿಕೆಗೆ ಕೈ ಹಾಕಿದಾಗ ಸುಜಾತಾ ನನ್ನ ಅಂಗಿ ಹಿಡಿದು ಒಳಗೆ ಎಳೆದಳು.

ಯಂತ್ರಗಳು ಒಂದೊಂದಾಗಿ ನಿಂತವು. ಓಣಿಯ ಆ ತುದಿಯದು, ನಡುವಿನದು, ಕೊನೆಗೆ ನಮ್ಮ ಗೋಡೆಯ ಆಚೆಯದು. ಆ ನಿಶ್ಶಬ್ದದಲ್ಲಿ ಬೇವಿನ ಮರದ ಗುಬ್ಬಿಗಳೂ ಗಾಬರಿಯಾದಂತಿತ್ತು. ಹೆಡ್‌ಫೋನ್ ಬದಲು ಒಂದು ಪುಟ್ಟ ಸ್ಪೀಕರ್ ಹಚ್ಚಿದ್ದಳು, ನನಗೂ ಕೇಳಲಿ ಎಂದು. ಕೈ ಸೆರಗಿಗೆ ಒರೆಸಿಕೊಂಡು ಕೀಲಿ ಮುಟ್ಟಿದಳು. ಯಾರಾದರೂ ಇದ್ದೀರಾ, ನಾನು ಇಂಥವಳು ಕರೆಯುತ್ತಿದ್ದೇನೆ. ಅಷ್ಟೇ ಅದರ ಅರ್ಥ. ನಿಲ್ಲಿಸಿ ಕೇಳಿದಳು. ಮಳೆನಿಂತ ಆಕಾಶದ ಸಣ್ಣ ಸುಯ್ಯೆನ್ನುವ ಸದ್ದು, ಬೇರೇನಿಲ್ಲ. ಮತ್ತೆ ಕರೆದಳು. ಮತ್ತೆ ಅದೇ. ನಾನು ಆಂಟೆನಾ ಎಂದು ಬಾಯಿ ತೆಗೆದೆ, ಅವಳು ಕೈ ಎತ್ತಿದಳು, ಮುಚ್ಚಿದೆ. ಕರೆಯುತ್ತಲೇ ಹೋದಳು. ಯಾರೂ ಇಲ್ಲ.

ಖಾಜಾಸಾಬರು ನಮಾಜು ಮುಗಿಸಿ ಬಂದು ಬಾಗಿಲಲ್ಲಿ ನಿಂತರು, ತಲೆಯ ಮೇಲಿನ ಟೋಪಿ ಇನ್ನೂ ತೆಗೆದಿರಲಿಲ್ಲ. ಅವರ ಹಿಂದೆ ಆಳುಗಳು ಕಲ್ಲಿನ ಅಟ್ಟಿಯ ಮೇಲೆ ಕೂತು ನಮ್ಮ ಕಿಟಕಿಯತ್ತ ನೋಡುತ್ತಿದ್ದರು.

"ಇನ್ನಾ ಯಾರೂ ಎತ್ತಿಲ್ಲೇನ್ರಿ?"

ನಾನು ಇಲ್ಲವೆಂದು ತಲೆ ಆಡಿಸಿದೆ. ಯಂತ್ರ ಶುರುಮಾಡಬೇಕಲ್ಲ, ಲಾರಿ ಬಂದು ನಿಂತಿದೆಯಲ್ಲ ಎಂದು ಸಂಕೋಚದಿಂದ ಸನ್ನೆ ಮಾಡಿದೆ.

"ನಿಂದ್ರಲಿ ಬಿಡ್ರಿ ಲಾರಿ. ಡ್ರೈವರ್ ಚಾ ಕುಡೀಲಿಕತ್ತಾನ. ಓಣಿ ಮಂದಿಗೂ ಹೇಳಿ ಬಂದೀನಿ, ಅಕ್ಕಾ ಮಾತಾಡೋತನಕ ಯಾರೂ ಬಟನ್ ಒತ್ತಬ್ಯಾಡ್ರಿ ಅಂತ." ಆಮೇಲೆ ಅವಳತ್ತ ತಿರುಗಿ, "ಕರೀರಿ ಅಕ್ಕಾ. ಎಲ್ಲೋ ಊಟಕ್ಕ ಕುಂತಿರ್ತಾರ, ಕೈ ತೊಕ್ಕೊಂಡು ಬರ್ತಾರ" ಎಂದರು.

ಅವಳು ಕರೆದಳು. ನಿಲ್ಲಿಸಿದಳು. ಸುಯ್ಯೆನ್ನುವ ಆ ಸದ್ದಿನ ತಳದಿಂದ, ತೆಳ್ಳಗೆ, ನೆಟ್ಟಗೆ, ಒಂದು ಸೀಟಿ ಎದ್ದಿತು. ನನಗೆ ಮೋರ್ಸ್ ಬರುವುದಿಲ್ಲ. ಆದರೆ ಒಂದು ಲಯ ಮಾತ್ರ ತಿಂಗಳುಗಟ್ಟಲೆ ತಾಟಿನ ಮೇಲೆ, ರೊಟ್ಟಿಯ ಮೇಲೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅವಳ ಲೈಸನ್ಸಿನ ಅಕ್ಷರಗಳು, ಅವಳ ಗುರುತು. ಅದೀಗ ಹೊರಗಿನಿಂದ, ಇನ್ನೊಬ್ಬರ ಕೈಯಿಂದ ಬರುತ್ತಿತ್ತು. ಯಾರೋ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವಳ ಪೆನ್ನು ಓಡಿತು: ಗುಂಟೂರು. ನಿಮ್ಮ ದನಿ ಸ್ಪಷ್ಟವಾಗಿ ಕೇಳುತ್ತಿದೆ.

ಬಾಗಿಲಲ್ಲಿ ನಿಂತವರಿಗೆ ಅದನ್ನು ಓದಿ ಹೇಳಲು ಹೋದೆ, ನನಗೆ ದನಿಯೇ ಹೊರಡಲಿಲ್ಲ. ಒಂದು ಮನೆಯಲ್ಲಿ ಇಬ್ಬರಿಗೂ ದನಿ ಹೋದರೆ ಹೇಗೆ ಎಂದು ಆ ಗಳಿಗೆಯಲ್ಲೂ ಒಂದು ಚಿಂತೆ ಬಂದು ಹೋಯಿತು.

ಸುಜಾತಾ ಮುಂದೆ ಬಾಗಿದಳು. ಆಮೇಲಿನದನ್ನು ಏನೆಂದು ಹೇಳಲಿ. ಆ ಕೈ ನಾನು ಮನೆಯಲ್ಲಿ ಕಂಡ ಕೈ ಆಗಿರಲಿಲ್ಲ. ಗರಗಸದ ಪಟ್ಟಿ ಕಣ್ಣಿಗೆ ಕಾಣದಂತೆ ಕುಣಿಯಿತು. ತನ್ನ ಹೆಸರು, ಶಹಾಬಾದ, ತಾನೇ ಜೋಡಿಸಿದ ಯಂತ್ರ, ಅದಕ್ಕೆ ಕಲ್ಲಿನ ಪೆಟ್ಟಿಗೆ, ಮಳೆ ನಿಂತಿದೆ, ಬಿಸಿಲಿದೆ, ನಿಮ್ಮಲ್ಲಿ ಹೇಗೆ, ಊಟವಾಯಿತೇ. ಇಷ್ಟೂ ಹೇಳಿದೆ ಎಂದು ಆಮೇಲೆ ಅವಳೇ ಒಪ್ಪಿಕೊಂಡಳು, ಇನ್ನೂ ಏನೇನು ಹೇಳಿದ್ದಳೋ. ಹಿಂದಿನ ಚಳಿಗಾಲದಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಆ ಬೆರಳಿನಿಂದ ಹೊರಟಿತ್ತು. ಖಾಜಾಸಾಬರು ಬಾಯಿಯ ಮೇಲೆ ಕೈಯಿಟ್ಟು ನಿಂತಿದ್ದರು. ಆಳುಗಳು ಕಲ್ಲಿನಿಂದ ಇಳಿದು ಕಿಟಕಿಗೆ ಬಂದಿದ್ದರು.

ಕೊನೆಗೆ ಅವಳು ಕೈ ಎತ್ತಿದಳು. ಆ ಕಡೆ ಮೌನ. ಹೋಯಿತು, ತಂತಿಯೇ ಹರಿಯಿತು ಎಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಸೀಟಿ ಬಂತು, ಬಹಳ ಸಾವಕಾಶವಾಗಿ, ಒಂದೊಂದೇ ಅಕ್ಷರ, ಬರೀ ಮೂರು. ಅವಳು ಬರೆದುಕೊಂಡಳು, ನೋಡಿದಳು, ನೋಡುತ್ತಿದ್ದಂತೆಯೇ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಏನಂತ? ಏನ್ ಕೆಟ್ಟದ ಹೇಳು" ಎಂದೆ.

ಅವಳು ಚೀಟಿಯನ್ನು ನನ್ನತ್ತ ತಿರುಗಿಸಿದಳು. ಹವ್ಯಾಸಿ ರೇಡಿಯೋ ಮಂದಿ ಬಳಸುವ ಸಂಕೇತ ಅದು, ಕ್ಯೂ ಆರ್ ಎಸ್: ದಯವಿಟ್ಟು ಸ್ವಲ್ಪ ನಿಧಾನವಾಗಿ ಕಳಿಸಿ. ಆ ವರ್ಷವೆಲ್ಲ ಸೇರಿ ಎಡವಟ್ಟಾದದ್ದು ಇದೊಂದೇ. ಗುಂಟೂರಿನ ಆ ಪುಣ್ಯಾತ್ಮನಿಗೆ ನನ್ನ ಹೆಂಡತಿಯ ವೇಗ ಹಿಡಿಯಲು ಆಗಲಿಲ್ಲ.